ಸ್ಲೈಡಿನಲ್ಲಿ ಕಾಣದ ಟಿಬಿ ಯಂತ್ರಕ್ಕೆ ಹೇಗೆ ಸಿಕ್ಕಿತು? ಡಿಎನ್‌ಎ ಹುಡುಕುವ ಈ ‘ಹೊಳೆಯುವ ಪ್ರೋಬ್’ ಅಂದರೆ ಏನು?

ಘಟಪ್ರಭಾ (ಗೋಕಾಕ)
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಬಹಳ ದಿನದಿಂದ ಕೆಮ್ಮು. ಸಂಜೆಯಾದರೆ ಜ್ವರ, ತೂಕ ಬೇರೆ ಇಳಿದಿತ್ತು. ಮೊದಲು ಊರ ಹತ್ತಿರದ ಒಂದು ಲ್ಯಾಬಿನಲ್ಲಿ ಕಫ ಕೊಟ್ಟೆವು. ಸ್ಲೈಡ್ ನೋಡಿ ನೆಗೆಟಿವ್ ಅಂದರು. ಜ್ವರ ಬಿಡಲಿಲ್ಲ ಅಂತ ಡಾಕ್ಟರು ಸಿಬಿನ್ಯಾಟ್ (ಕಫದಲ್ಲಿ ಟಿಬಿಯ ಡಿಎನ್‌ಎ ಹುಡುಕುವ ಯಂತ್ರದ ಪರೀಕ್ಷೆ) ಮಾಡಿಸಿದರು. ಅದರ ರಿಪೋರ್ಟಿನಲ್ಲಿ ಹೀಗಿದೆ: ‘ಎಂಟಿಬಿ ಡಿಟೆಕ್ಟೆಡ್, ಲೋ. ರಿಫ್ ರೆಸಿಸ್ಟನ್ಸ್ ನಾಟ್ ಡಿಟೆಕ್ಟೆಡ್.’

ಗುಳಿಗೆ ಶುರುವಾಗಿದೆ. ಆದರೆ ಮನೆಯಲ್ಲಿ ದಿನವೂ ವಾದ. ‘ಕಣ್ಣಿಟ್ಟು ನೋಡಿದವರಿಗೇ ಕಾಣದ್ದು ಯಂತ್ರಕ್ಕೆ ಹೇಗೆ ಕಂಡಿತು?’ ಅಂತ ನಮ್ಮ ಕಾಕಾ ಕೇಳುತ್ತಾರೆ. ತಮ್ಮನೂ ಅವರ ಮಾತಿಗೇ ವಾಲುತ್ತಿದ್ದಾನೆ. ಲ್ಯಾಬಿನವರನ್ನು ಕೇಳಿದರೆ ‘ಒಳಗೆ ಪ್ರೋಬ್ ಇರುತ್ತದೆ, ಟಿಬಿ ಡಿಎನ್‌ಎ ಸಿಕ್ಕರೆ ಹೊಳೆಯುತ್ತದೆ’ ಅಂದರು. ಹಿಂದೆ ದೊಡ್ಡ ಸಾಲು ಇತ್ತು, ಹೆಚ್ಚು ಕೇಳಲಾಗಲಿಲ್ಲ.

ಈ ಪ್ರೋಬ್ ಅಂದರೆ ಏನು? ಯಾಕೆ ಹೊಳೆಯುತ್ತದೆ? ಬೇರೆ ಯಾವುದೋ ಡಿಎನ್‌ಎಗೂ ಹೊಳೆದುಬಿಟ್ಟರೆ? ನಾನು ಬಿ.ಕಾಂ ಓದಿದವನು, ಬಿಡಿಸಿ ಹೇಳಿ. ಆರು ತಿಂಗಳು ಗುಳಿಗೆ ನುಂಗಬೇಕಾದ ಹುಡುಗನಿಗೆ ಮನವರಿಕೆ ಆಗಬೇಕು.

ಮುಧೋಳ ಮಂದಿ (ಮುಧೋಳ)
ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಲ್ಯಾಬ್ ಅಕ್ಕ (ಬೆಳಗಾವಿ)
ತಮ್ಮಾ, ನಾನು ಇದೇ ಕೆಲಸ ಮಾಡುವವಳು. ಎರಡು ರಿಪೋರ್ಟೂ ಸುಳ್ಳಲ್ಲ. ಸೂಕ್ಷ್ಮದರ್ಶಕದಲ್ಲಿ ಟಿಬಿ ಬ್ಯಾಕ್ಟೀರಿಯಾ ಕಣ್ಣಿಗೆ ಬೀಳಬೇಕಾದರೆ ಒಂದು ಮಿಲಿ ಲೀಟರ್ ಕಫದಲ್ಲಿ ಹೆಚ್ಚುಕಡಿಮೆ 10,000 ಇರಬೇಕು. ಸಿಬಿನ್ಯಾಟ್ ಕಾರ್ಟ್ರಿಜ್‌ಗೆ (ಕಫ ಹಾಕಿ ಯಂತ್ರದೊಳಗೆ ಇಡುವ ಡಬ್ಬಿ) ಸುಮಾರು 130 ಇದ್ದರೆ ಸಾಕು. ನಿಮ್ಮ ತಮ್ಮನ ಕಫದಲ್ಲಿ ಇವೆರಡರ ನಡುವಿನ ಲೆಕ್ಕ ಇದ್ದಿರಬೇಕು. ‘ಲೋ’ ಅಂತ ಬಂದದ್ದೂ ಅದಕ್ಕೇ. ಸ್ಲೈಡ್ ನೋಡಿದವರು ಬೇಜವಾಬ್ದಾರಿ ಮಾಡಿದರು ಅಂತಲೂ ಅಂದುಕೊಳ್ಳಬೇಡಿ. ಇಷ್ಟು ಕಡಿಮೆ ಇದ್ದಾಗ ಎಂಥ ಪಳಗಿದ ಕಣ್ಣಿಗೂ ಸಿಗುವುದಿಲ್ಲ.

ಮತ್ತೆ ಯಂತ್ರ ಬ್ಯಾಕ್ಟೀರಿಯಾವನ್ನು ‘ನೋಡುವುದೇ’ ಇಲ್ಲ. ಅದನ್ನು ಒಡೆದು, ಒಳಗಿನ ಡಿಎನ್‌ಎಯಲ್ಲಿ ಒಂದು ಗೊತ್ತಾದ ಅಕ್ಷರಸಾಲು ಇದೆಯೋ ಇಲ್ಲವೋ ಅಂತ ಕೇಳುತ್ತದೆ. ಕಾಕಾನಿಗೆ ಮೊದಲು ಇಷ್ಟು ಹೇಳಿ.

ಗುಮ್ಮಟದ ಹುಡುಗ (ವಿಜಯಪುರ)
ಅಕ್ಕ ಹೇಳಿದ್ದಕ್ಕೆ ಮುಂದುವರಿಸುತ್ತೇನೆ. ನಾನು ಬಯೋಟೆಕ್ನಾಲಜಿ ಎಂಎಸ್ಸಿ.

ಡಿಎನ್‌ಎ ಅಂದರೆ ನಾಲ್ಕೇ ಅಕ್ಷರಗಳ ಉದ್ದನೆಯ ಎಳೆ: ಎ, ಟಿ, ಜಿ, ಸಿ. ಎರಡು ಎಳೆ ಎದುರುಬದುರಾಗಿ ಜೋಡಿ ಇರುತ್ತವೆ. ಎ ಎದುರು ಟಿ ಮಾತ್ರ, ಜಿ ಎದುರು ಸಿ ಮಾತ್ರ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿದ್ದು ಇದನ್ನೇ. ಬಿಸಿ ಮಾಡಿದರೆ ಎರಡೂ ಎಳೆ ಬಿಚ್ಚಿಕೊಳ್ಳುತ್ತವೆ. ತಣ್ಣಗಾದರೆ ಮತ್ತೆ ತಮ್ಮ ಜೋಡಿ ಹುಡುಕಿ ಕೂಡಿಕೊಳ್ಳುತ್ತವೆ.

ಪ್ರೋಬ್ ಅಂದರೆ ನಾವೇ ಪ್ರಯೋಗಾಲಯದಲ್ಲಿ ಜೋಡಿಸಿದ ಒಂದು ಚಿಕ್ಕ ಎಳೆ. ಸಾಮಾನ್ಯವಾಗಿ 20-30 ಅಕ್ಷರ. ಟಿಬಿ ಬ್ಯಾಕ್ಟೀರಿಯಾದ ಯಾವ ಸಾಲು ಬೇಕೋ ಅದಕ್ಕೆ ಎದುರಾಗುವ ಹಾಗೆ ಅಕ್ಷರ ಜೋಡಿಸಿರುತ್ತಾರೆ. ಒಂದು ತುದಿಗೆ ಹೊಳೆಯುವ ಬಣ್ಣ ಅಂಟಿಸುತ್ತಾರೆ. ಇನ್ನೊಂದು ತುದಿಗೆ ಆ ಹೊಳಪನ್ನು ನುಂಗುವ ಒಂದು ಕಣ, ಅದಕ್ಕೆ ಕ್ವೆಂಚರ್ ಅಂತಾರೆ. ಎರಡೂ ಪಕ್ಕಪಕ್ಕ ಇದ್ದರೆ ಕತ್ತಲೆ. ದೂರವಾದರೆ ಬೆಳಕು.

ಕಾರ್ಟ್ರಿಜ್‌ನಲ್ಲಿ ಇರುವುದು ಮಾಲಿಕ್ಯುಲರ್ ಬೀಕನ್ ಅನ್ನುವ ಬಗೆ. 1996ರಲ್ಲಿ ನ್ಯೂಯಾರ್ಕ್‌ನಲ್ಲಿ ಸಂಜಯ್ ತ್ಯಾಗಿ ಮತ್ತು ಫ್ರೆಡ್ ಕ್ರೇಮರ್ ಪ್ರಕಟಿಸಿದ್ದು. ಇದರ ಎರಡೂ ತುದಿಯ ಐದಾರು ಅಕ್ಷರಗಳು ಒಂದಕ್ಕೊಂದು ಜೋಡಿಯಾಗುವಂತೆ ಬರೆದಿರುತ್ತಾರೆ. ಹಾಗಾಗಿ ಸುಮ್ನೆ ಇದ್ದಾಗ ಅದು ತನ್ನ ಮೇಲೆ ತಾನೇ ಮಡಚಿಕೊಂಡಿರುತ್ತದೆ. ಬಣ್ಣ, ಕ್ವೆಂಚರ್ ಎರಡೂ ಅಂಟಿಕೊಂಡಂತೆ. ನಡುವಿನ ಕುಣಿಕೆಗೆ ಸರಿಯಾದ ಡಿಎನ್‌ಎ ಸಿಕ್ಕ ಕೂಡಲೇ ಅದನ್ನು ಹಿಡಿದು ನೆಟ್ಟಗಾಗುತ್ತದೆ. ತುದಿಗಳು ಬೇರೆಯಾಗುತ್ತವೆ. ಹೊಳೆಯಿತು!

ಇಳಕಲ್ ಸೆರಗು (ಇಳಕಲ್)
ಇದು ನಮ್ಮ ಸೀರೆಯ ತೋಪು ತೆಣಿ ಇದ್ದ ಹಾಗೇ ಇದೆಯಲ್ಲ. ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಎದುರಿನ ಎಳೆ ಇಲ್ಲದಿದ್ದರೆ ಸೆರಗು ಕೂಡುವುದೇ ಇಲ್ಲ.

ಗುಮ್ಮಟದ ಹುಡುಗ (ವಿಜಯಪುರ)
ಚಂದ ಇದೆ ಅಕ್ಕಾ, ಆದರೆ ಅರ್ಧ ಮಾತ್ರ ಹೊಂದುತ್ತದೆ. ನಿಮ್ಮಲ್ಲಿ ಒಡಲಿನ ಯಾವ ಎಳೆಗೆ ಸೆರಗಿನ ಯಾವ ಎಳೆ ಹಾಕಿದರೂ ಕೂಡುತ್ತದೆ. ಇಲ್ಲಿ ಅಕ್ಷರ ನೋಡಿಯೇ ಕೂಡುವುದು. ಸಾಲಿನ ನಡುವೆ ಒಂದೇ ಒಂದು ಅಕ್ಷರ ಬೇರೆ ಇದ್ದರೂ ಬೀಕನ್ ‘ಇದು ನನ್ನದಲ್ಲ’ ಅಂತ ಮತ್ತೆ ಮಡಚಿಕೊಳ್ಳುತ್ತದೆ.

ಜಮಖಂಡಿ ಮಾಸ್ತರ (ಜಮಖಂಡಿ)
ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ‘ಹೊಳೆಯಿತು’ ಅಂದು ಬಿಟ್ಟರೆ ಅರ್ಧ ಕಥೆ. ಈ ಬಣ್ಣ ತಾನಾಗಿ ಉರಿಯುವುದಿಲ್ಲ. ಅದಕ್ಕೆ ಒಂದು ಬೆಳಕು ಕೊಡಬೇಕು. ಅದು ಆ ಬೆಳಕನ್ನು ನುಂಗಿ, ಸ್ವಲ್ಪ ಶಕ್ತಿಯನ್ನು ಬಿಸಿಯಾಗಿ ಕಳೆದುಕೊಂಡು, ಉಳಿದದ್ದನ್ನು ಬೇರೆ ಬಣ್ಣದಲ್ಲಿ ಹೊರಗೆ ಬಿಡುತ್ತದೆ. ಫ್ಲೋರೆಸೆನ್ಸ್ ಅನ್ನುವುದು ಇದಕ್ಕೇ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿದರು. ಈ ಪರೀಕ್ಷೆಗಳಲ್ಲಿ ಬಹಳ ಬಳಸುವ ಫ್ಯಾಮ್ ಅನ್ನುವ ಬಣ್ಣ ಸುಮಾರು 495 ನ್ಯಾನೋಮೀಟರಿನ ನೀಲಿ ಬೆಳಕು ಹೀರುತ್ತದೆ, 520ರ ಹತ್ತಿರ ಹಸಿರು ಬೆಳಕು ಬಿಡುತ್ತದೆ.

ಯಂತ್ರದ ಜಾಣತನ ಇಲ್ಲಿದೆ. ನೀಲಿ ಬೆಳಕು ಹಾಯಿಸುತ್ತದೆ, ಆದರೆ ನೋಡುವ ಕಿಂಡಿಗೆ ಹಸಿರು ಮಾತ್ರ ಬಿಡುವ ಫಿಲ್ಟರ್ ಇಟ್ಟಿರುತ್ತದೆ. ಹಾಗಾಗಿ ತಾನು ಹಾಯಿಸಿದ ಬೆಳಕು ತನ್ನ ಕಣ್ಣಿಗೇ ಚುಚ್ಚುವುದಿಲ್ಲ. ಬಂದದ್ದೆಲ್ಲ ಬಣ್ಣದಿಂದ ಬಂದದ್ದು.

ಕ್ವೆಂಚರ್ ಬಗ್ಗೆ: ಬಣ್ಣ ಬೆಳಕಾಗಿ ಬಿಡಬೇಕಾದ ಶಕ್ತಿಯನ್ನು ಪಕ್ಕದ ಕಣ ನೇರವಾಗಿ ಎಳೆದುಕೊಳ್ಳುತ್ತದೆ. 1940ರ ದಶಕದಲ್ಲಿ ಥಿಯೋಡೋರ್ ಫೋರ್ಸ್ಟರ್ ಇದರ ಲೆಕ್ಕ ಹಾಕಿದರು. 1ರಿಂದ 10 ನ್ಯಾನೋಮೀಟರ್ ಅಂತರದಲ್ಲಿ ಮಾತ್ರ ನಡೆಯುವ ವ್ಯವಹಾರ. ಅಂತರ ಎರಡು ಪಟ್ಟಾದರೆ ಶಕ್ತಿ ದಾಟುವ ವೇಗ 64 ಪಟ್ಟು ಇಳಿಯುತ್ತದೆ. ಬೀಕನ್ ಬಿಚ್ಚಿದ ಕೂಡಲೇ ಬೆಳಕು ಬರುವುದು ಈ ಕಾರಣಕ್ಕೆ.

ಗುಮ್ಮಟದ ಹುಡುಗ (ವಿಜಯಪುರ)
ಸರ್, ಒಂದು ತಿದ್ದುಪಡಿ. ಫೋರ್ಸ್ಟರ್ ಲೆಕ್ಕ ಟ್ಯಾಕ್‌ಮನ್ ಅನ್ನುವ, ಮಡಚಿಕೊಳ್ಳದ ಇನ್ನೊಂದು ಬಗೆಯ ಪ್ರೋಬ್‌ಗೆ ಸರಿ. ಬೀಕನ್ ಮಡಚಿಕೊಂಡಾಗ ಬಣ್ಣ ಮತ್ತು ಕ್ವೆಂಚರ್ ಎಷ್ಟು ಹತ್ತಿರ ಇರುತ್ತವೆ ಅಂದರೆ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಅಲ್ಲಿ ತಾಗುವುದರಿಂದಲೇ ಹೊಳಪು ಆರುತ್ತದೆ. ಅದರಿಂದ ಒಂದು ದೊಡ್ಡ ಲಾಭ ಇದೆ. ಒಂದೇ ಕ್ವೆಂಚರ್ ಹಲವು ಬಣ್ಣಗಳಿಗೆ ನಡೆಯುತ್ತದೆ. ಹಾಗಾಗಿಯೇ ಒಂದು ಕಾರ್ಟ್ರಿಜ್‌ನಲ್ಲಿ ಆರು ಬಣ್ಣ ಹಾಕಿ ಆರು ಪ್ರಶ್ನೆ ಒಟ್ಟಿಗೆ ಕೇಳಬಹುದು.

ಜಮಖಂಡಿ ಮಾಸ್ತರ (ಜಮಖಂಡಿ)
ಒಪ್ಪಿದೆ. ಅಂತರ ಹೆಚ್ಚಾದರೆ ಬೆಳಕು ಅನ್ನುವ ಮೂಲ ಮಾತು ಎರಡಕ್ಕೂ ಒಂದೇ ಅಲ್ವಾ?

ಗುಮ್ಮಟದ ಹುಡುಗ (ವಿಜಯಪುರ)
ಹೌದು ಸರ್, ಅದು ಒಂದೇ.

ಮುಧೋಳ ಮಂದಿ (ಮುಧೋಳ)
ನನಗೆ ಇನ್ನೂ ಗಂಟಲಲ್ಲಿ ಇಳಿಯದ ವಿಷಯ ಇದೆ. ನೂರಮೂವತ್ತು ಬ್ಯಾಕ್ಟೀರಿಯಾದ ಡಿಎನ್‌ಎಗೆ ನೂರಮೂವತ್ತು ಪ್ರೋಬ್ ಅಂಟಿ ಹೊಳೆದರೆ ಅಷ್ಟು ಸಣ್ಣ ಬೆಳಕು ಯಾವ ಯಂತ್ರಕ್ಕೆ ಕಾಣುತ್ತದೆ?

ಲ್ಯಾಬ್ ಅಕ್ಕ (ಬೆಳಗಾವಿ)
ಸರಿಯಾದ ಪ್ರಶ್ನೆ. ಕಾಣುವುದಿಲ್ಲ. ಅದಕ್ಕೇ ಪಿಸಿಆರ್ ಬೇಕು. ಬೇಕಾದ ತುಣುಕನ್ನು ಮಾತ್ರ ನಕಲು ಮಾಡುತ್ತಾ ಹೋಗುವುದು. ಬಿಸಿ ಮಾಡಿ ಎಳೆ ಬಿಚ್ಚು, ತಣಿಸು, ನಕಲು ಮಾಡು. ಒಂದು ಸುತ್ತಿಗೆ ಎರಡು ಪಟ್ಟು. ಹತ್ತು ಸುತ್ತಿಗೆ ಒಂದರಿಂದ 1,024. ಇಪ್ಪತ್ತು ಸುತ್ತಿಗೆ ಹತ್ತು ಲಕ್ಷ ದಾಟುತ್ತದೆ. ಮೂವತ್ತಕ್ಕೆ 107 ಕೋಟಿ. ಇದು ಕಾಗದದ ಲೆಕ್ಕ, ನಿಜದಲ್ಲಿ ಸ್ವಲ್ಪ ಕಡಿಮೆ ಆಗುತ್ತದೆ. ಕ್ಯಾರಿ ಮುಲ್ಲಿಸ್ ಅವರಿಗೆ 1983ರಲ್ಲಿ ಹೊಳೆದ ಉಪಾಯ, 1993ರಲ್ಲಿ ನೊಬೆಲ್ ಬಂತು.

ಪ್ರತಿ ಸುತ್ತಿನಲ್ಲೂ ಯಂತ್ರ ಒಮ್ಮೆ ಬೆಳಕು ಹಾಯಿಸಿ ನೋಡುತ್ತದೆ. ಯಾವ ಸುತ್ತಿಗೆ ಹೊಳಪು ಗೆರೆ ದಾಟಿತೋ ಅದೇ ಸಿಟಿ ವ್ಯಾಲ್ಯೂ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತಲ್ಲ, ಅದೇ. ಡಿಎನ್‌ಎ ಜಾಸ್ತಿ ಇದ್ದರೆ ಬೇಗ ದಾಟುತ್ತದೆ, ಕಡಿಮೆ ಇದ್ದರೆ ತಡವಾಗಿ. ಸುಮಾರು 3.3 ಸುತ್ತು ತಡವಾದರೆ ಮೂಲದಲ್ಲಿ ಹತ್ತು ಪಟ್ಟು ಕಡಿಮೆ ಇತ್ತು ಅಂತ ಅರ್ಥ. ಮೊದಲಿಂದ ಇರುವ ಎಂಟಿಬಿ-ರಿಫ್ ಕಾರ್ಟ್ರಿಜ್‌ನಲ್ಲಿ 16ರ ಒಳಗೆ ಬಂದರೆ ‘ಹೈ’, 22ರವರೆಗೆ ‘ಮೀಡಿಯಂ’, 28ರವರೆಗೆ ‘ಲೋ’, ಅದರ ಮೇಲೆ ‘ವೆರಿ ಲೋ’. ‘ಲೋ’ ಅಂದರೆ ರೋಗ ಸಣ್ಣದು ಅಂತ ಅಲ್ಲ, ಕೊಟ್ಟ ಕಫದಲ್ಲಿ ಡಿಎನ್‌ಎ ಕಡಿಮೆ ಇತ್ತು ಅಂತ. ಗುಳಿಗೆಯ ಅವಧಿ ಇದರಿಂದ ಕಡಿಮೆ ಆಗುವುದಿಲ್ಲ.

ಬಾದಾಮಿ ಬಂಡೆ (ಬಾದಾಮಿ)
ಹಾಗಾದರೆ ಪ್ರೋಬ್ ಯಾಕೆ? ಎರಡೆಳೆ ಡಿಎನ್‌ಎ ಕಂಡರೆ ಹೊಳೆಯುವ ಸೈಬರ್ ಗ್ರೀನ್ ಅಂತ ಪುಡಿಗಾಸಿನ ಬಣ್ಣ ಇದೆಯಲ್ಲ. ನಮ್ಮ ಕಾಲೇಜಿನಲ್ಲಿ ಅದನ್ನೇ ಬಳಸುತ್ತಿದ್ದೆವು. ಪ್ರೋಬ್ ಅಂತ ಹೇಳಿ ದುಡ್ಡು ಜಾಸ್ತಿ ಮಾಡುವುದು ಯಾಕೆ?

ಗುಮ್ಮಟದ ಹುಡುಗ (ವಿಜಯಪುರ)
ಸೈಬರ್ ಗ್ರೀನ್‌ಗೆ ಅಕ್ಷರ ಓದಲು ಬರುವುದಿಲ್ಲ ಅಣ್ಣಾ. ಯಾವ ಎರಡೆಳೆ ಸಿಕ್ಕರೂ ಹೊಳೆಯುತ್ತದೆ. ಪಿಸಿಆರ್‌ನಲ್ಲಿ ತಪ್ಪು ತುಣುಕು ನಕಲಾದರೂ ಹೊಳೆಯುತ್ತದೆ. ಪ್ರಯೋಗಕ್ಕೆ ಅಡ್ಡಿ ಇಲ್ಲ, ಕೊನೆಗೆ ಮೆಲ್ಟ್ ಕರ್ವ್ (ಯಾವ ಬಿಸಿಗೆ ಎಳೆ ಬಿಚ್ಚುತ್ತದೆ ಅನ್ನುವ ಗೆರೆ) ನೋಡಿ ಬೇರ್ಪಡಿಸಬಹುದು. ಆದರೆ ಒಬ್ಬ ಮನುಷ್ಯನಿಗೆ ಆರು ತಿಂಗಳ ಔಷಧ ಕೊಡುವ ನಿರ್ಧಾರ ಅದರ ಮೇಲೆ ನಿಲ್ಲಿಸಬಾರದು.

ಪ್ರೋಬ್ ಇದ್ದರೆ ಮೂರು ಕಡೆ ಅಕ್ಷರ ಹೊಂದಬೇಕು. ನಕಲು ಶುರು ಮಾಡುವ ಎರಡು ಪ್ರೈಮರ್‌ಗಳು, ನಡುವೆ ಪ್ರೋಬ್. ಘಟಪ್ರಭಾ ಅವರು ಕೇಳಿದ್ದು ಇದನ್ನೇ, ಬೇರೆ ಡಿಎನ್‌ಎಗೆ ಹೊಳೆದರೆ ಅಂತ. ಲೆಕ್ಕ ನೋಡಿ. 20 ಅಕ್ಷರದ ಒಂದು ಸಾಲು ಸುಮ್ನೆ ಅದೃಷ್ಟದಿಂದ ಹೊಂದಬೇಕಾದರೆ 1.1 ಲಕ್ಷ ಕೋಟಿ ಅಕ್ಷರಗಳಲ್ಲಿ ಒಂದು ಸಲ. ಮನುಷ್ಯನ ಡಿಎನ್‌ಎ ಸುಮಾರು 300 ಕೋಟಿ ಅಕ್ಷರ. ಟಿಬಿ ಬ್ಯಾಕ್ಟೀರಿಯಾದ್ದು 44 ಲಕ್ಷ. ಅದೂ ಮೂರು ಸಾಲು ಒಂದರ ಪಕ್ಕ ಒಂದು, ಸರಿಯಾದ ದಿಕ್ಕಿನಲ್ಲಿ ಹೊಂದಬೇಕು. ಜೊತೆಗೆ ತಯಾರಿಸುವಾಗ ಟಿಬಿಯ ಹತ್ತಿರದ ಬಂಧು ಬ್ಯಾಕ್ಟೀರಿಯಾಗಳ ಮೇಲೂ ಹಾಕಿ ನೋಡಿರುತ್ತಾರೆ.

ಬಾದಾಮಿ ಬಂಡೆ (ಬಾದಾಮಿ)
ಲೆಕ್ಕ ಒಪ್ಪುತ್ತೇನೆ. ಆದರೂ ಯಂತ್ರ ಕೆಟ್ಟಿದ್ದರೆ? ಕಫ ಸರಿಯಾಗಿ ಹಾಕದಿದ್ದರೆ?

ಲ್ಯಾಬ್ ಅಕ್ಕ (ಬೆಳಗಾವಿ)
ಅದಕ್ಕೂ ಪ್ರೋಬೇ ಕಾವಲು. ಕಾರ್ಟ್ರಿಜ್ ಒಳಗೆ ಬ್ಯಾಸಿಲಸ್ ಗ್ಲೋಬಿಜಿ ಅನ್ನುವ ನಿರುಪದ್ರವಿ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಮೊದಲೇ ಹಾಕಿರುತ್ತಾರೆ. ಆರನೇ ಬಣ್ಣದ ಪ್ರೋಬ್ ಅದಕ್ಕೆ. ಟಿಬಿ ಪ್ರೋಬ್ ಹೊಳೆಯದೆ, ಇದೂ ಹೊಳೆಯದಿದ್ದರೆ ಯಂತ್ರ ‘ನೆಗೆಟಿವ್’ ಅನ್ನುವುದೇ ಇಲ್ಲ, ‘ಇನ್‌ವ್ಯಾಲಿಡ್’ ಅನ್ನುತ್ತದೆ. ಪಿಸಿಆರ್ ಶುರುವಾಗುವ ಮೊದಲೂ ಪ್ರೋಬ್‌ಗಳೆಲ್ಲ ಸರಿ ಇವೆಯೇ ಅಂತ ಒಮ್ಮೆ ಬೆಳಕು ಹಾಕಿ ನೋಡಿಕೊಳ್ಳುತ್ತದೆ. ಸರಿ ಇಲ್ಲದಿದ್ದರೆ ‘ಎರರ್’ ಬಂದು ನಿಲ್ಲುತ್ತದೆ.

ನಮ್ಮ ಕೈಯ ಕೆಲಸ ಸ್ವಲ್ಪವೇ. ಕಫದ ಎರಡು ಪಟ್ಟು ದ್ರಾವಣ ಹಾಕಿ ಜೋರಾಗಿ ಅಲ್ಲಾಡಿಸಬೇಕು. 15 ನಿಮಿಷ ಬಿಡಬೇಕು, ನಡುವೆ ಇನ್ನೊಮ್ಮೆ ಅಲ್ಲಾಡಿಸಬೇಕು. ಲೋಳೆ ಕರಗಿ ನೀರಾಗಬೇಕು. ಎಳೆ ಎಳೆಯಾಗಿ ಉಳಿದಿದ್ದರೆ ಹಾಕಬಾರದು. ಆಮೇಲೆ 2 ಮಿಲಿ ಹೀರಿ ಕಾರ್ಟ್ರಿಜ್‌ಗೆ ಬಿಟ್ಟು ಮುಚ್ಚಳ ಹಾಕಿದರೆ ಮುಗಿಯಿತು. ತೊಳೆಯುವುದು, ಒಡೆಯುವುದು, ನಕಲು, ಓದುವುದು ಎಲ್ಲ ಒಳಗೇ. ಎರಡು ಗಂಟೆಯ ಒಳಗೆ ಉತ್ತರ. ಮುಚ್ಚಿದ ಡಬ್ಬಿಯಾದ್ದರಿಂದ ಒಬ್ಬರ ಡಿಎನ್‌ಎ ಇನ್ನೊಬ್ಬರದಕ್ಕೆ ಬೆರೆಯುವ ಭಯವೂ ಬಹಳ ಕಡಿಮೆ.

ಟ್ಯೂಬಿನಲ್ಲಿ ಮಾಡುವ ಪರೀಕ್ಷೆಗಳಲ್ಲಿ ಹಾಗಲ್ಲ. ಅಲ್ಲಿ ಪ್ರೋಬ್ ಬಾಟಲಿಯನ್ನು ಬೆಳಕಿಗೆ ಬಿಟ್ಟರೆ ಬಣ್ಣ ಸಾಯುತ್ತದೆ. ಫಾಯಿಲ್ ಸುತ್ತಿ, ಮೈನಸ್ 20ರಲ್ಲಿ ಇಟ್ಟು, ಸಣ್ಣ ಸಣ್ಣ ಪಾಲು ಮಾಡಿಟ್ಟುಕೊಳ್ಳುತ್ತೇವೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೂ ಹಾಳಾಗುತ್ತದೆ. ಹೊಸಬರಿಗೆ ನಾನು ಮೊದಲ ದಿನ ಕಲಿಸುವುದು ಇದನ್ನೇ.

ಘಟಪ್ರಭಾ (ಗೋಕಾಕ)
ಅಕ್ಕಾ, ಹುಡುಗಾ, ಮಾಸ್ತರರೇ, ಎಲ್ಲರಿಗೂ ಬಹಳ ಉಪಕಾರವಾಯಿತು. ಆ ಬೀಜಕಣದ ಮಾತು ಕಾಕಾನಿಗೆ ಹೇಳಿದೆ. ‘ಯಂತ್ರ ತಾನು ಸರಿ ಇದ್ದೇನೋ ಇಲ್ಲವೋ ಅಂತ ತಾನೇ ನೋಡಿಕೊಳ್ಳುತ್ತದೆಯಾ?’ ಅಂತ ಎರಡು ಸಲ ಕೇಳಿದರು. ಈಗ ಎರಡನೇ ಸಾಲು ಬಿಡಿಸಿ. ರಿಫ್ ರೆಸಿಸ್ಟನ್ಸ್ ನಾಟ್ ಡಿಟೆಕ್ಟೆಡ್ ಅಂದರೆ ಎಲ್ಲ ಗುಳಿಗೆಯೂ ಕೆಲಸ ಮಾಡುತ್ತದೆ ಅಂತ ತಾನೆ?

ಲ್ಯಾಬ್ ಅಕ್ಕ (ಬೆಳಗಾವಿ)
ಇಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಹೀಗೇ ಓದಿಕೊಳ್ಳುತ್ತಾರೆ. ಪ್ರೋಬ್ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ರಿಫ್ ಅಂದರೆ ರಿಫಾಂಪಿಸಿನ್ ಅನ್ನುವ ಗುಳಿಗೆ, ಇಲ್ಲಿ ಕೇಳಿದ್ದು ಅದೊಂದರ ಬಗ್ಗೆ. ಐಸೋನಿಯಾಜಿಡ್ ಇನ್ನೊಂದು ಮುಖ್ಯ ಗುಳಿಗೆ, ಅದರ ಬಗ್ಗೆ ಈ ಕಾರ್ಟ್ರಿಜ್ ಏನೂ ಹೇಳುವುದಿಲ್ಲ. ಅದಕ್ಕೆ ಬೇರೆ ಜೀನ್‌ಗಳನ್ನು ನೋಡಬೇಕು, ಕ್ಯಾಟ್‌ಜಿ ಮತ್ತು ಐಎನ್‌ಎಚ್‌ಎ. ಲೈನ್ ಪ್ರೋಬ್ ಅಸ್ಸೇ ಅನ್ನುವ ಪಟ್ಟಿಯ ಪರೀಕ್ಷೆಗೆ ಕಫ ಕಳಿಸಿದ್ದಾರಾ ಅಂತ ನಿಮ್ಮ ಆಸ್ಪತ್ರೆಯಲ್ಲಿ ಕೇಳಿ. ಅದರಲ್ಲೂ ಪ್ರೋಬ್ ಇದೆ, ಆದರೆ ಹೊಳೆಯುವುದಿಲ್ಲ, ಪಟ್ಟಿಯ ಮೇಲೆ ಬಣ್ಣದ ಗೆರೆ ಮೂಡುತ್ತದೆ.

ಗುಮ್ಮಟದ ಹುಡುಗ (ವಿಜಯಪುರ)
ರಿಫಾಂಪಿಸಿನ್ ಭಾಗ ನನಗೆ ಬಹಳ ಇಷ್ಟದ್ದು, ಬರೆಯಲೇಬೇಕು.

ಈ ಔಷಧ ಕೆಲಸ ಮಾಡದಂತೆ ಮಾಡುವ ಬದಲಾವಣೆಗಳಲ್ಲಿ ಸುಮಾರು 95% ಆರ್‌ಪಿಒಬಿ ಅನ್ನುವ ಜೀನ್‌ನ 81 ಅಕ್ಷರಗಳ ಒಂದೇ ಜಾಗದಲ್ಲಿ ಸಿಗುತ್ತವೆ. ಅಷ್ಟು ಚಿಕ್ಕ ಜಾಗ. ಅದರ ಮೇಲೆ ಒಂದರ ಅಂಚಿನ ಮೇಲೆ ಇನ್ನೊಂದು ಸ್ವಲ್ಪ ಬರುವಂತೆ ಐದು ಬೀಕನ್ ಹೊದಿಸುತ್ತಾರೆ, ಐದು ಬಣ್ಣ. ಐದೂ ಬದಲಾಗದ ಮೂಲ ಸಾಲಿಗೆ ಬರೆದವು. ಬ್ಯಾಕ್ಟೀರಿಯಾ ಮಾಮೂಲಿನದಾದರೆ ಐದೂ ಹೊಳೆಯುತ್ತವೆ. ಎಲ್ಲೋ ಒಂದು ಅಕ್ಷರ ಬದಲಾಗಿದ್ದರೆ ಆ ಜಾಗದ ಬೀಕನ್ ಹೊಳೆಯುವುದಿಲ್ಲ, ಅಥವಾ ತೀರಾ ತಡವಾಗಿ ಹೊಳೆಯುತ್ತದೆ. ಉಳಿದವು ಹೊಳೆದು ‘ಟಿಬಿ ಇದೆ’ ಅನ್ನುತ್ತವೆ. ಆರಿದ್ದು ‘ರಿಫಾಂಪಿಸಿನ್ ನಡೆಯಲಿಕ್ಕಿಲ್ಲ’ ಅನ್ನುತ್ತದೆ. ಇಲ್ಲಿ ಸುದ್ದಿ ಇರುವುದು ಬೆಳಕಿನಲ್ಲಲ್ಲ, ಹೊಳೆಯದೆ ಉಳಿದ ಬಣ್ಣದಲ್ಲಿ. ಯಾವ ಬದಲಾವಣೆ ಬರುತ್ತದೆ ಅಂತ ಮೊದಲೇ ಗೊತ್ತಿರಬೇಕಾಗಿಯೂ ಇಲ್ಲ. ಎಂಥ ಉಪಾಯ ನೋಡಿ!

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿದ್ದು 2010ರ ಡಿಸೆಂಬರಿನಲ್ಲಿ. ಆಮೇಲೆ 2017ರಲ್ಲಿ ಅಲ್ಟ್ರಾ ಕಾರ್ಟ್ರಿಜ್ ಬಂತು. ಅದರಲ್ಲಿ ನಾಲ್ಕು ಪ್ರೋಬ್, ಬೇರ್ಪಡುವ ಉಷ್ಣತೆ ನೋಡಿ ಬದಲಾವಣೆ ಗುರುತಿಸುತ್ತದೆ.

ಬಾದಾಮಿ ಬಂಡೆ (ಬಾದಾಮಿ)
ಅಕ್ಷರ ಬದಲಾದರೂ ಪ್ರೋಟೀನ್ ಬದಲಾಗದೆ ಇರಬಹುದಲ್ಲ? ಆಗ ಯಂತ್ರ ಸುಮ್ನೆ ಹೆದರಿಸಿದಂತೆ ಆಗುವುದಿಲ್ಲವಾ?

ಗುಮ್ಮಟದ ಹುಡುಗ (ವಿಜಯಪುರ)
ಆಗುತ್ತದೆ ಅಣ್ಣಾ, ಅಪರೂಪಕ್ಕೆ. ಪ್ರೋಬ್‌ಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಅದಕ್ಕೇ ಅನುಮಾನ ಬಂದರೆ ಜೀನ್ ಸೀಕ್ವೆನ್ಸ್ ಮಾಡಿಸಿ (ಅಕ್ಷರಸಾಲು ಪೂರ್ತಿ ಓದಿಸಿ) ಅಥವಾ ಬ್ಯಾಕ್ಟೀರಿಯಾವನ್ನೇ ಲ್ಯಾಬಿನಲ್ಲಿ ಬೆಳೆಸಿ (ಕಲ್ಚರ್) ನೋಡುತ್ತಾರೆ.

ತಿಲಕವಾಡಿ (ಬೆಳಗಾವಿ)
ಅಕ್ಷರ ಬದಲಾದರೆ ಪ್ರೋಬ್ ಆರುತ್ತದೆ ಅನ್ನುವುದನ್ನು ಕೋವಿಡ್‌ನಲ್ಲೇ ನೋಡಿದೆವಲ್ಲ. ಮೂರು ಜೀನ್ ನೋಡುವ ಒಂದು ಕಿಟ್‌ನಲ್ಲಿ ಆಲ್ಫಾ ತಳಿ ಬಂದಾಗ ಎಸ್ ಜೀನ್ ಮಾತ್ರ ಹೊಳೆಯುತ್ತಿರಲಿಲ್ಲ. ಎಸ್ ಜೀನ್‌ನಲ್ಲಿ ಆರು ಅಕ್ಷರ ಬಿಟ್ಟುಹೋಗಿದ್ದವು. ಮೊದಲು ತೊಂದರೆ ಅನಿಸಿದ್ದು ಆಮೇಲೆ ತಳಿ ಗುರುತಿಸುವ ಸುಳುಹೇ ಆಯಿತು. ಓಮಿಕ್ರಾನ್ ಬಿಎ.1 ಬಂದಾಗಲೂ ಅದೇ ಆಯಿತು. ಬಿಎ.2ರಲ್ಲಿ ಮತ್ತೆ ಹೊಳೆಯಿತು. ಒಂದೇ ಜೀನ್ ನಂಬಿ ಕಿಟ್ ಮಾಡಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

2020ರಲ್ಲಿ ನಮ್ಮ ಬೆಳಗಾವಿಯ ಐಸಿಎಂಆರ್ ಸಂಸ್ಥೆಯಲ್ಲಿ ಕೋವಿಡ್ ಪರೀಕ್ಷೆ ಶುರುವಾದಾಗ ಎಷ್ಟು ನಿರಾಳ ಅನಿಸಿತ್ತು ಅಂತ ಈಗಲೂ ನೆನಪಿದೆ.

ಮುಧೋಳ ಮಂದಿ (ಮುಧೋಳ)
ಟ್ರೂನ್ಯಾಟ್ ಅಂತ ಇನ್ನೊಂದು ಇದೆಯಲ್ಲ, ನಮ್ಮ ಕಡೆ ಅದೇ ಮಾಡಿದರು. ಅದೂ ಇದೇನಾ?

ಲ್ಯಾಬ್ ಅಕ್ಕ (ಬೆಳಗಾವಿ)
ಗುರಿ ಒಂದೇ, ದಾರಿ ಬೇರೆ. ಟ್ರೂನ್ಯಾಟ್ ಗೋವಾದ ಮೋಲ್‌ಬಯೋ ಕಂಪನಿಯದು. ಚೋರ್ಲಾ ಘಾಟ್ ಇಳಿದರೆ ಗೋವಾ, ಅಂದರೆ ನಮ್ಮ ನೆರೆಯಲ್ಲೇ ಹುಟ್ಟಿದ ಯಂತ್ರ. ಬ್ಯಾಟರಿಯಲ್ಲಿ ನಡೆಯುತ್ತದೆ. ಕರೆಂಟ್ ಕೈಕೊಡುವ ಊರಿಗೆ ಇದು ಸಣ್ಣ ಮಾತಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಮೊದಲು ಒಂದು ಚಿಪ್‌ನಲ್ಲಿ ಟಿಬಿ ಇದೆಯಾ ನೋಡುತ್ತಾರೆ. ಇದ್ದರೆ ಅದೇ ಡಿಎನ್‌ಎಯನ್ನು ಇನ್ನೊಂದು ಚಿಪ್‌ಗೆ ಹಾಕಿ ರಿಫಾಂಪಿಸಿನ್ ನೋಡುತ್ತಾರೆ.

ಟಿಬಿ ನೋಡುವ ಚಿಪ್‌ನಲ್ಲಿ ಇರುವುದು ಟ್ಯಾಕ್‌ಮನ್ ಬಗೆಯ ಪ್ರೋಬ್. ಅದು ಮಡಚಿಕೊಳ್ಳುವುದಿಲ್ಲ. ಡಿಎನ್‌ಎ ಮೇಲೆ ಹೋಗಿ ಮಲಗುತ್ತದೆ. ನಕಲು ಮಾಡುತ್ತಾ ಬರುವ ಟ್ಯಾಕ್ ಕಿಣ್ವ ದಾರಿಗೆ ಅಡ್ಡ ಬಂದ ಪ್ರೋಬನ್ನು ಕತ್ತರಿಸಿ ಹಾಕುತ್ತದೆ. ಬಣ್ಣ ಒಂದು ಕಡೆ, ಕ್ವೆಂಚರ್ ಒಂದು ಕಡೆ. ಒಮ್ಮೆ ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ. ಹಾಗಾಗಿ ಹೊಳಪು ಸುತ್ತಿನಿಂದ ಸುತ್ತಿಗೆ ಕೂಡಿಬರುತ್ತದೆ. ಕಿಣ್ವಕ್ಕೆ ಈ ಕತ್ತರಿಸುವ ಗುಣ ಇದೆ ಅಂತ ಬಳಸಿಕೊಂಡು ತೋರಿಸಿದ್ದು 1991ರಲ್ಲಿ.

ಜಮಖಂಡಿ ಮಾಸ್ತರ (ಜಮಖಂಡಿ)
ಆ ಟ್ಯಾಕ್ ಕಿಣ್ವ ಬಂದದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ. ಥಾಮಸ್ ಬ್ರಾಕ್ 1960ರ ದಶಕದಲ್ಲಿ ಬರೀ ಕುತೂಹಲಕ್ಕೆ ಹುಡುಕಿದ್ದು. ಕುದಿಯುವ ಹತ್ತಿರದ ಬಿಸಿಗೂ ಕೆಡದ ಕಿಣ್ವ ಅಂಥ ಕಡೆ ಅಲ್ಲದೆ ಬೇರೆಲ್ಲಿ ಸಿಗಬೇಕಿತ್ತು? ‘ಇದರಿಂದ ಏನು ಉಪಯೋಗ’ ಅಂತ ಕೇಳುವ ಹುಡುಗರಿಗೆ ನಾನು ಈ ಕಥೆ ಹೇಳದೆ ಬಿಟ್ಟದ್ದೇ ಇಲ್ಲ.

ಬಾದಾಮಿ ಬಂಡೆ (ಬಾದಾಮಿ)
ನನ್ನದೊಂದು ಚಿಂತೆ. ನಮ್ಮ ಮಾವ ಆರು ತಿಂಗಳು ಗುಳಿಗೆ ಮುಗಿಸಿದರು. ಚೆನ್ನಾಗಿದ್ದಾರೆ, ತೂಕವೂ ಏರಿದೆ. ಯಾರೋ ಹೇಳಿದರು ಅಂತ ಹೊರಗಡೆ ದುಡ್ಡು ಕೊಟ್ಟು ಮತ್ತೆ ಸಿಬಿನ್ಯಾಟ್ ಮಾಡಿಸಿದರು. ‘ವೆರಿ ಲೋ’ ಪಾಸಿಟಿವ್! ಮನೆಯಲ್ಲಿ ಅಳುವುದೊಂದು ಬಾಕಿ.

ಲ್ಯಾಬ್ ಅಕ್ಕ (ಬೆಳಗಾವಿ)
ಹೆದರಬೇಡಿ ಅಂತ ಮಾವನಿಗೆ ಹೇಳಿ, ಆದರೆ ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಗೂ ಪ್ರೋಬ್ ಹೊಳೆಯುತ್ತದೆ. ಜೀವ ಇದೆಯಾ ಅಂತ ಅದು ಕೇಳುವುದೇ ಇಲ್ಲ. ಗುಳಿಗೆ ಮುಗಿದ ಮೇಲೂ ಸತ್ತ ಬ್ಯಾಕ್ಟೀರಿಯಾದ ಚೂರುಗಳು ಬಹಳ ಕಾಲ ಬರಬಹುದು. ಅದಕ್ಕೇ ಚಿಕಿತ್ಸೆ ಹೇಗೆ ನಡೆದಿದೆ ಅಂತ ನೋಡಲು ಈ ಪರೀಕ್ಷೆ ಬಳಸುವುದಿಲ್ಲ. ಸ್ಲೈಡ್ ಮತ್ತು ಕಲ್ಚರ್ ಬಳಸುತ್ತಾರೆ. ಕಲ್ಚರ್‌ನಲ್ಲಿ ಬದುಕಿದ್ದು ಮಾತ್ರ ಬೆಳೆಯುತ್ತದೆ. ಈ ವಿಷಯದಲ್ಲಿ ಹಳೆಯ ಪರೀಕ್ಷೆಗಳೇ ಮೇಲು.

ಬಾದಾಮಿ ಬಂಡೆ (ಬಾದಾಮಿ)
ಈ ಒಂದು ಮಾತು ಆ ಲ್ಯಾಬಿನವರು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಬೇಕಿತ್ತು. ಬಹಳ ಥ್ಯಾಂಕ್ಸ್ ಅಕ್ಕಾ.

ಇಳಕಲ್ ಸೆರಗು (ಇಳಕಲ್)
ವಿಷಯ ಸ್ವಲ್ಪ ಬೇರೆ. ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್. ಮೊದಲ ಪರೀಕ್ಷೆಯಲ್ಲಿ ಹರ್-2 (ಕೆಲವು ಸ್ತನ ಕ್ಯಾನ್ಸರಿನಲ್ಲಿ ಹೆಚ್ಚಾಗುವ ಪ್ರೋಟೀನ್) ‘ಎರಡು ಪ್ಲಸ್’, ಅಂದರೆ ಖಚಿತವಿಲ್ಲ ಅಂತ ಬಂತು. ಫಿಶ್ ಮಾಡಿಸಿ ಅಂದರು. ಅದರಲ್ಲೂ ಹೊಳೆಯುವ ಪ್ರೋಬ್ ಅಂದ ಹಾಗೆ ನೆನಪು. ಅದೂ ಪಿಸಿಆರ್ ತಾನೆ?

ಲ್ಯಾಬ್ ಅಕ್ಕ (ಬೆಳಗಾವಿ)
ಅಲ್ಲ ತಂಗೀ, ಅಲ್ಲಿ ನಕಲು ಮಾಡುವುದೇ ಇಲ್ಲ. ಫಿಶ್‌ನಲ್ಲಿ ಜೀವಕೋಶ ಇದ್ದಲ್ಲೇ ಇರುತ್ತದೆ. ಗಡ್ಡೆಯ ತೆಳ್ಳಗಿನ ಪದರವನ್ನು ಗಾಜಿನ ಮೇಲೆ ಹಾಕಿ, ಬಿಸಿ ಮಾಡಿ ಡಿಎನ್‌ಎ ಬಿಚ್ಚಿ, ಪ್ರೋಬ್ ಹಾಕಿ ರಾತ್ರಿಯಿಡೀ ಬಿಡುತ್ತೇವೆ. ಈ ಪ್ರೋಬ್ ಟಿಬಿಯದರಂತೆ 20-30 ಅಕ್ಷರದ್ದಲ್ಲ, ಲಕ್ಷಕ್ಕೂ ಹೆಚ್ಚು ಅಕ್ಷರಗಳ ಜಾಗವನ್ನು ಮುಚ್ಚುತ್ತದೆ. ತುಂಬಾ ಬಣ್ಣ ಅಂಟಿರುವುದರಿಂದ ಒಂದೊಂದು ಜಾಗವೂ ನೇರವಾಗಿ ಕಾಣುತ್ತದೆ.

ಮಾರನೇ ದಿನ ಕತ್ತಲೆ ಕೋಣೆಯಲ್ಲಿ ನೋಡುವುದು. ಕೋಶಕೇಂದ್ರ ನೀಲಿ, ಅದರೊಳಗೆ ಚುಕ್ಕೆಗಳು. 17ನೇ ಕ್ರೋಮೋಸೋಮಿನ ನಡುಭಾಗಕ್ಕೆ ಹಸಿರು, ಹರ್-2 ಜೀನ್‌ಗೆ ಕೆಂಪು. ಆರೋಗ್ಯವಂತ ಕೋಶದಲ್ಲಿ ಎರಡು ಹಸಿರು, ಎರಡು ಕೆಂಪು. ಜೀನ್ ಹೆಚ್ಚಿದ್ದರೆ ಕೆಂಪು ಗುಂಪುಗುಂಪಾಗಿ, ಕೆಲವು ಸಲ ಎಣಿಸಲಾಗದಷ್ಟು. ಕಡಿಮೆ ಅಂದರೂ 20 ಕೋಶ ಎಣಿಸುತ್ತೇವೆ. ಕೆಂಪಿಗೂ ಹಸಿರಿಗೂ ಅನುಪಾತ 2 ಅಥವಾ ಮೇಲೆ ಇದ್ದು ಕೆಂಪು ಚುಕ್ಕೆಗಳ ಸರಾಸರಿಯೂ ಕೋಶಕ್ಕೆ 4 ಅಥವಾ ಮೇಲೆ ಇದ್ದರೆ ಪಾಸಿಟಿವ್. ಆಗ ಟ್ರಾಸ್ಟುಜುಮಾಬ್ ಔಷಧ ಕೆಲಸ ಮಾಡುವ ಸಾಧ್ಯತೆ ಇರುತ್ತದೆ. ಅತ್ತೆಯ ರಿಪೋರ್ಟ್ ಬಂದ ಮೇಲೆ ಈ ಎರಡು ಅಂಕಿ ಯಾವುವು ಅಂತ ಡಾಕ್ಟರನ್ನು ಕೇಳಿ.

ಇಳಕಲ್ ಸೆರಗು (ಇಳಕಲ್)
ಹೊಟ್ಟೆ ತಣ್ಣಗಾಯಿತು ಅಕ್ಕಾ. ‘ಫಿಶ್’ ಅಂದಾಗ ಅತ್ತೆ ಮೀನು ತಿನ್ನಿಸುತ್ತಾರಾ ಅಂತ ಗಾಬರಿಯಾಗಿದ್ದರು, ನಾವು ಲಿಂಗಾಯತರು.

ಲಿಂಬಿ ತೋಟ (ಇಂಡಿ)
ನಡುವೆ ಬಂದದ್ದಕ್ಕೆ ಬೇಸರ ಬೇಡ. ನಮ್ಮ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂದಿದೆ, ಆದರೆ ಗಿಡದ ಚಿಂತೆ ತಪ್ಪಿಲ್ಲ. ಕೆಲವು ಗಿಡದ ಎಲೆ ಹಳದಿಯಾಗಿದೆ. ಒಬ್ಬರು ಸತುವಿನ ಕೊರತೆ ಅನ್ನುತ್ತಾರೆ, ಇನ್ನೊಬ್ಬರು ಗ್ರೀನಿಂಗ್ ರೋಗ, ಕಿತ್ತುಹಾಕು ಅನ್ನುತ್ತಾರೆ. ಗಿಡಕ್ಕೂ ಈ ಪ್ರೋಬ್ ಪರೀಕ್ಷೆ ಇದೆಯಾ?

ಗುಮ್ಮಟದ ಹುಡುಗ (ವಿಜಯಪುರ)
ಇದೆ ಕಾಕಾ, ಮತ್ತು ಗ್ರೀನಿಂಗ್‌ಗೆ ಅದೇ ದೊಡ್ಡ ಆಸರೆ. ಆ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೆಳೆಸಲು ಒಗ್ಗುವುದಿಲ್ಲ. ಹಾಗಾಗಿ ಡಿಎನ್‌ಎ ಹುಡುಕುವುದೇ ದಾರಿ. ಟ್ಯಾಕ್‌ಮನ್ ಪ್ರೋಬ್ ಬಳಸುವ ಪರೀಕ್ಷೆ 2006ರಿಂದಲೇ ಇದೆ. ಅಲ್ಲೂ ಟಿಬಿ ಕಾರ್ಟ್ರಿಜ್‌ನ ಹಾಗೇ ಕಾವಲು ಪ್ರೋಬ್ ಒಂದು ಇರುತ್ತದೆ. ಅದು ಗಿಡದ್ದೇ ಜೀನ್ ನೋಡುತ್ತದೆ. ಅದೂ ಹೊಳೆಯದಿದ್ದರೆ ಎಲೆಯಿಂದ ಡಿಎನ್‌ಎ ಸರಿಯಾಗಿ ತೆಗೆದಿಲ್ಲ ಅಂತ.

ಮೊದಲು ನೀವೇ ಎಲೆ ನೋಡಿ. ನಡುನರದ ಎರಡೂ ಕಡೆ ಒಂದೇ ಥರ ಹಳದಿ ಇದ್ದರೆ ಸತುವಿನ ಕೊರತೆ ಇರಬಹುದು. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಬೇರೆ ಥರ ಮಚ್ಚೆ ಮಚ್ಚೆ ಇದ್ದರೆ ಗ್ರೀನಿಂಗ್ ಅನುಮಾನ. ಚಿಗುರಿನ ಮೇಲೆ ಸಿಲ್ಲಾ ಕೀಟ ಇದೆಯಾ ನೋಡಿ, ಹರಡುವುದು ಅದೇ. ಪರೀಕ್ಷೆಗೆ ಎಲೆಯ ತೊಟ್ಟು ಮತ್ತು ನಡುನರ ಬೇಕು, ಬ್ಯಾಕ್ಟೀರಿಯಾ ಇರುವುದು ಅಲ್ಲಿ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದವರನ್ನು ಒಮ್ಮೆ ವಿಚಾರಿಸಿ.

ಲಿಂಬಿ ತೋಟ (ಇಂಡಿ)
ಒಂದು ಎಲೆ ಕೊಟ್ಟರೆ ಸಾಕಾ?

ಗುಮ್ಮಟದ ಹುಡುಗ (ವಿಜಯಪುರ)
ಸಾಲದು. ಒಂದೇ ಗಿಡದಲ್ಲೂ ಒಂದು ಕೊಂಬೆಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಬೇರೆ ಬೇರೆ ದಿಕ್ಕಿನ ಕೊಂಬೆಗಳಿಂದ ತೆಗೆದುಕೊಂಡು ಹೋಗಿ. ಕೊಟ್ಟ ಎಲೆಯಲ್ಲಿ ಇಲ್ಲದ್ದು ಯಾವ ಪ್ರೋಬ್‌ಗೂ ಸಿಗುವುದಿಲ್ಲ. ಉತ್ತರ ಬರುವ ತನಕ ಗಿಡ ಕೀಳಬೇಡಿ.

ಘಟಪ್ರಭಾ (ಗೋಕಾಕ)
‘ಕೊಟ್ಟದ್ದರಲ್ಲಿ ಇಲ್ಲದ್ದು ಪ್ರೋಬ್‌ಗೆ ಸಿಗುವುದಿಲ್ಲ’ ಅಂದ ಮಾತಿಗೇ ನನ್ನ ಪ್ರಶ್ನೆ. ಮನೆಯಲ್ಲಿ ತಾಯಿ ಇದ್ದಾರೆ, ನನ್ನ ನಾಲ್ಕು ವರ್ಷದ ಮಗಳೂ ಇದ್ದಾಳೆ. ಮಗಳಿಗೆ ಸ್ವಲ್ಪ ಕೆಮ್ಮು. ಅವಳಿಗೆ ಕಫ ಕಾರಿ ಉಗುಳಲು ಬರುವುದಿಲ್ಲ. ಹೇಗೆ ಪರೀಕ್ಷೆ ಮಾಡುವುದು? ಉಗುಳು ಕೊಟ್ಟರೆ ಆಗುತ್ತದೆಯಾ?

ಲ್ಯಾಬ್ ಅಕ್ಕ (ಬೆಳಗಾವಿ)
ಉಗುಳು ಬೇಡ ತಮ್ಮಾ. ಅದರಲ್ಲಿ ಏನೂ ಸಿಗದೆ ‘ನಾಟ್ ಡಿಟೆಕ್ಟೆಡ್’ ಬಂದರೆ ನೀವು ನೆಮ್ಮದಿಯಾಗಿ ಕೂತುಬಿಡುತ್ತೀರಿ. ಮಕ್ಕಳು ಕಫವನ್ನು ನುಂಗಿಬಿಡುತ್ತಾರೆ. ಅದಕ್ಕೇ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಜಠರದ ದ್ರವ ತೆಗೆದು ನೋಡುತ್ತಾರೆ. ನುಂಗಿದ್ದು ಕೆಳಗೂ ಹೋಗುತ್ತದೆ, ಹಾಗಾಗಿ ಮಲದಲ್ಲೂ ಇದೇ ಕಾರ್ಟ್ರಿಜ್‌ನಿಂದ ನೋಡಬಹುದು, ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೂ ಒಪ್ಪಿದೆ. ನಿಮ್ಮ ಕಡೆ ಯಾವುದು ಮಾಡುತ್ತಾರೆ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಮಕ್ಕಳಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆ ಇರುತ್ತದೆ, ಪ್ರೋಬ್ ಹೊಳೆಯದಿದ್ದರೂ ಟಿಬಿ ಇಲ್ಲ ಅಂತ ತೀರ್ಮಾನ ಆಗುವುದಿಲ್ಲ. ಎಕ್ಸ್-ರೇ, ತೂಕ, ಮನೆಯಲ್ಲಿ ಟಿಬಿ ಇರುವುದು, ಎಲ್ಲ ಸೇರಿಸಿ ಡಾಕ್ಟರು ನಿರ್ಧರಿಸುತ್ತಾರೆ. ರೋಗ ಇಲ್ಲ ಅಂತ ಆದರೆ ಬರದಂತೆ ತಡೆಯುವ ಗುಳಿಗೆಯೂ ಇದೆ. ಅಮ್ಮನನ್ನೂ ತೋರಿಸಿ. ಅವರದು ಬೆಳಗ್ಗೆ ಎದ್ದ ಕೂಡಲೇ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಆಗಬೇಕು.

ಮುಧೋಳ ಮಂದಿ (ಮುಧೋಳ)
ಸರ್ಕಾರದ ಟಿಬಿ ನೋಂದಣಿಯಾದ ನಿಕ್ಷಯ್‌ನಲ್ಲಿ ತಮ್ಮನ ಹೆಸರು, ಬ್ಯಾಂಕ್ ಖಾತೆ ಸೇರಿಸಿದ್ದಾರಾ ನೋಡಿಕೊಳ್ಳಿ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬರಬೇಕು. ಮೊದಲು 500 ಇತ್ತು, 2024ರ ನವೆಂಬರಿನಿಂದ ಹೆಚ್ಚಿಸಿದ್ದಾರೆ.

ಘಟಪ್ರಭಾ (ಗೋಕಾಕ)
ಖಾತೆ ಕೊಟ್ಟಿಲ್ಲ, ಕೊಡುತ್ತೇನೆ. ನಾಳೆ ಮಗಳನ್ನೂ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇವೆ. ಲೈನ್ ಪ್ರೋಬ್‌ಗೆ ಕಫ ಕಳಿಸಿದ್ದಾರಾ ಅಂತಲೂ ಕೇಳುತ್ತೇನೆ. ಕಾಕಾ ತಾವೂ ಬರುತ್ತೇನೆ ಅಂದಿದ್ದಾರೆ, ಯಂತ್ರ ನೋಡಬೇಕಂತೆ.

ಲ್ಯಾಬ್ ಅಕ್ಕ (ಬೆಳಗಾವಿ)
ಕರೆದುಕೊಂಡು ಹೋಗಿ. ಮಧ್ಯಾಹ್ನದ ಮೇಲೆ ಸಾಲು ಕಡಿಮೆ ಇರುತ್ತದೆ, ಆಗ ಕೇಳಿದರೆ ಲ್ಯಾಬಿನವರು ತೋರಿಸುತ್ತಾರೆ. ಸ್ಕ್ರೀನಿನ ಮೇಲೆ ಐದು ಬಣ್ಣದ ಗೆರೆ ಏರುವುದು ಕಾಣುತ್ತದೆ. ತಮ್ಮನ ರಿಪೋರ್ಟಿನ ಗೆರೆಗಳನ್ನೂ ತೆಗೆದು ತೋರಿಸಲು ಹೇಳಿ.